ಎದೆಯ ಎಕ್ಸ್‌ರೇ ಮತ್ತು ವೀಸಾ: ವಿದೇಶಕ್ಕೆ ಹೊರಡುವ ನರ್ಸ್‌ಗಳ ಆರೋಗ್ಯ ತಪಾಸಣೆ

ವಿದೇಶದ ಕೆಲಸಕ್ಕೆ ಹೊರಟ ನರ್ಸ್‌ನ ವೀಸಾ ಕೊನೆಗೆ ನಿಲ್ಲುವುದು ಎದೆಯ ಎಕ್ಸ್‌ರೇ ಮತ್ತು ರಕ್ತದ ವರದಿಯ ಮೇಲೆ. ಸಂದರ್ಶನ, ಭಾಷಾ ಪರೀಕ್ಷೆ, ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣ ಎಲ್ಲ ಮುಗಿದ ಮೇಲೆ ಬರುವ ಹಂತವಾದ್ದರಿಂದ ಇದನ್ನು ಬರೀ ಶಾಸ್ತ್ರಕ್ಕೆ ಮಾಡುವ ತಪಾಸಣೆ ಎಂದುಕೊಳ್ಳುವವರೇ ಹೆಚ್ಚು. ಒಂದೇ ಎಕ್ಸ್‌ರೇಯನ್ನು ಎಲ್ಲ ದೇಶಗಳೂ ಒಂದೇ ರೀತಿ ಓದುವುದಿಲ್ಲ. ಕ್ಷಯ ಎಂದಾದರೂ ಬಂದಿತ್ತೇ ಎಂದು ನೋಡುತ್ತವೆ ಗಲ್ಫ್ ದೇಶಗಳು. ಈಗ ಇದೆಯೇ ಎಂದು ನೋಡುತ್ತವೆ ಬ್ರಿಟನ್ ಮತ್ತು ಆಸ್ಟ್ರೇಲಿಯಾ.

ಸೌದಿ ಅರೇಬಿಯಾ, ಕುವೈತ್, ಕತಾರ್, ಬಹ್ರೇನ್, ಒಮಾನ್, ಯುಎಇ ಸೇರಿದ ಗಲ್ಫ್ ಸಹಕಾರ ಮಂಡಳಿಯು ಕೆಲಸಕ್ಕೆ ಬರುವವರ ತಪಾಸಣೆಗೆ ಒಂದು ಸಾಮಾನ್ಯ ನಿಯಮಾವಳಿ ಇಟ್ಟುಕೊಂಡಿದೆ. ಈಗ ‘ವಾಫಿದ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಸ್ಲಿಪ್ ತೆಗೆದುಕೊಂಡು ಮಾನ್ಯತೆ ಪಡೆದ ಕೇಂದ್ರಕ್ಕೆ ಹೋಗಬೇಕು. ನರ್ಸ್‌ಗಳ ಹಾಸ್ಟೆಲುಗಳಲ್ಲಿ ಇಂದಿಗೂ ಇದಕ್ಕೆ ‘ಗಾಮ್ಕಾ ಮೆಡಿಕಲ್’ ಎಂಬ ಹಳೆಯ ಹೆಸರೇ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಕುಷ್ಠ, ಮೂತ್ರಪಿಂಡ ಅಥವಾ ಯಕೃತ್ತಿನ ವೈಫಲ್ಯ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ಗರ್ಭಧಾರಣೆ ಇವೆಲ್ಲ ‘ಅನ್‌ಫಿಟ್’ ಪಟ್ಟಿಯಲ್ಲಿವೆ. ಕ್ಷಯದ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ರೋಗ ಈಗ ಇರಬೇಕೆಂದೇನಿಲ್ಲ, ಹಿಂದೆ ಬಂದು ವಾಸಿಯಾದ ಗುರುತು ಎಕ್ಸ್‌ರೇಯಲ್ಲಿ ಕಂಡರೂ ಸಾಕು.

ಆ ಗುರುತು ಉಳಿಯುವುದು ದೇಹ ಗುಣವಾಗುವ ಬಗೆಯಿಂದ. ಶ್ವಾಸಕೋಶದ ಮೇಲ್ತುದಿಯಲ್ಲಿ ಬೇರೂರಿದ ಕ್ಷಯ ಆರು ತಿಂಗಳ ಮಾತ್ರೆಯಿಂದ ಸಂಪೂರ್ಣ ವಾಸಿಯಾಗುತ್ತದೆ. ಆದರೆ ಅದು ತಿಂದುಹಾಕಿದ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆಯುತ್ತದೆ, ಕೆಲವೊಮ್ಮೆ ಸುಣ್ಣದ ಅಂಶ ಕೂರುತ್ತದೆ. ಎಕ್ಸ್‌ರೇಯಲ್ಲಿ ಬಿಳಿ ಗೆರೆಯಾಗಿಯೋ ಚುಕ್ಕೆಯಾಗಿಯೋ ಕಾಣುವುದು ಇದೇ. ಅದರಿಂದ ಯಾರಿಗೂ ಸೋಂಕು ತಗಲುವುದಿಲ್ಲ. ಕೆಮ್ಮುವ ರೋಗಿಯ ಹಾಸಿಗೆ ಬದಲಿಸುವ, ಕಫದ ಬಟ್ಟಲು ಹಿಡಿಯುವ ಕೆಲಸ ನರ್ಸ್‌ನದು. ಬೇರೆಯವರಿಗಿಂತ ಅವರಿಗೆ ಕ್ಷಯ ತಗಲುವ ಅಪಾಯ ಹೆಚ್ಚು ಎಂಬುದು ವೈದ್ಯಲೋಕಕ್ಕೆ ಹಳೆಯ ಸಂಗತಿ. ವಾರ್ಡಿನಲ್ಲಿ ದುಡಿದದ್ದಕ್ಕೆ ಬಂದ ಕಲೆಯೇ ಇನ್ನೊಂದು ವಾರ್ಡಿನ ಬಾಗಿಲು ಮುಚ್ಚುವುದು ಈ ನಿಯಮದ ಅತಿ ದೊಡ್ಡ ಅನ್ಯಾಯ.

ಈ ಲೇಖಕಿಯ ಪ್ರಕರಣ ಇದಕ್ಕೆ ಉದಾಹರಣೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿದ್ದಾಗ ಆಕೆಗೆ ಕ್ಷಯ ಬಂದು, ಚಿಕಿತ್ಸೆ ಮುಗಿದು, ವಾಸಿಯಾಗಿ ವರ್ಷಗಳೇ ಕಳೆದಿದ್ದವು. ಸೌದಿಯ ಕೆಲಸ ಕೊಡಿಸಲು ಒಪ್ಪಿದ ಏಜೆಂಟರಿಗೆ ಇದನ್ನು ಮೊದಲೇ ತಿಳಿಸಲಾಗಿತ್ತು. “ಸಿಸ್ಟರ್, ಅದೆಲ್ಲ ಹಳೇ ಕತೆ. ಈಗ ಏನೂ ಕಾಣಲ್ಲ, ನೀವು ಮೊದಲು ರಿಸೈನ್ ಮಾಡಿ, ರಿಲೀವಿಂಗ್ ಲೆಟರ್ ತಗೊಳ್ಳಿ” ಎಂಬುದು ಅವರ ಉತ್ತರ. ರಾಜೀನಾಮೆ ಅಂಗೀಕಾರವಾಯಿತು, ಆಸ್ಪತ್ರೆಯ ಕ್ವಾರ್ಟರ್ಸ್ ತೆರವಾಯಿತು, ತಪಾಸಣೆಯ ದಿನ ಬಂದದ್ದು ಅದಾದ ಮೇಲೆ.

ಎಕ್ಸ್‌ರೇ ಕೋಣೆಯಲ್ಲಿ ಸರ ತೆಗೆಸಿದರು, ಜಡೆ ನೆತ್ತಿಗೆ ಕಟ್ಟಿಸಿದರು. ತಣ್ಣನೆಯ ಪ್ಲೇಟಿಗೆ ಎದೆ ಒತ್ತಿ, ಭುಜ ಮುಂದಕ್ಕೆ ಚಾಚಿ, ಉಸಿರು ಎಳೆದು ಹಿಡಿದದ್ದಾಯಿತು. ಉಳಿದವರೆಲ್ಲ ಬಟ್ಟೆ ಬದಲಿಸಿಕೊಂಡು ಹೋದರು. ಆಕೆಯ ಹೆಸರನ್ನು ಮಾತ್ರ ಮತ್ತೆ ಕರೆದರು. ಈ ಸಲ ಬೆನ್ನು ಪ್ಲೇಟಿನ ಕಡೆಗೆ; ಸೊಂಟ ಮುಂದಿಟ್ಟು ಭುಜ ಹಿಂದಕ್ಕೆ ಬಾಗಿಸಿ ನಿಲ್ಲಬೇಕಿತ್ತು. ಕತ್ತಿನ ಬುಡದ ಮೂಳೆ ಅಡ್ಡ ಬರದಂತೆ ಶ್ವಾಸಕೋಶದ ಮೇಲ್ತುದಿಯನ್ನೇ ನೋಡುವ ಭಂಗಿ ಅದು. ನರ್ಸ್ ಆದವಳಿಗೆ ಅದನ್ನು ಬಿಡಿಸಿ ಹೇಳುವವರು ಬೇಕಿರಲಿಲ್ಲ. ತಂತ್ರಜ್ಞ ಹುಡುಗ ಮುಖ ಕೊಟ್ಟು ಮಾತಾಡಲಿಲ್ಲ. ಚಿಕಿತ್ಸೆ ಮುಗಿಸಿದ ದಾಖಲೆ ಚೀಲದಲ್ಲೇ ಇತ್ತು. ಕೌಂಟರಿನಲ್ಲಿ ಅದನ್ನು ತೆರೆದು ನೋಡುವ ಸೌಜನ್ಯ ಕೂಡ ತೋರಲಿಲ್ಲ. ಕಫ ಪರೀಕ್ಷೆ ಮಾಡಿ ಎಂಬ ಬೇಡಿಕೆಗೆ “ನಮ್ಮ ಕೈಲಿ ಏನೂ ಇಲ್ಲ ಮೇಡಂ” ಎಂಬಷ್ಟೇ ಉತ್ತರ. ಫಲಿತಾಂಶದ ಪುಟದಲ್ಲಿ ‘ಅನ್‌ಫಿಟ್’ ಎಂದು ಬಂತು. ಏಜೆಂಟರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಕೊಟ್ಟ ಹಣ ವಾಪಸ್ ಬರಲಿಲ್ಲ. ಹಳೆಯ ಆಸ್ಪತ್ರೆಯಲ್ಲಿ ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮೊದಲೇ ಎಲ್ಲ ತಿಳಿದೂ ರಾಜೀನಾಮೆ ಕೊಡಿಸಿದ ಏಜೆಂಟರ ಮೇಲೆಯೇ ಇದರ ಹೊಣೆ.

ಬ್ರಿಟನ್ನಿನ ಕ್ರಮ ಬೇರೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಭಾರತದಿಂದ ಹೋಗುವವರು ಆ ಸರ್ಕಾರ ಒಪ್ಪಿದ ಕ್ಲಿನಿಕ್‌ನಲ್ಲೇ ಟಿಬಿ ತಪಾಸಣೆ ಮಾಡಿಸಬೇಕು. ಎಕ್ಸ್‌ರೇಯಲ್ಲಿ ಸಂಶಯದ ಕಲೆ ಕಂಡರೆ ಅರ್ಜಿ ಅಲ್ಲಿಗೇ ಮುಗಿಯುವುದಿಲ್ಲ. ಬೆನ್ನುಬೆನ್ನಿಗೆ ಮೂರು ದಿನ ಬೆಳಗಿನ ಕಫ ಪಡೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ಕಲ್ಚರ್‌ಗೂ ಇಡುತ್ತಾರೆ. ಕ್ಷಯದ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುವುದರಿಂದ ಕಲ್ಚರ್ ಫಲಿತಾಂಶಕ್ಕೆ ಎಂಟು ವಾರ ಹಿಡಿಯಬಹುದು. ಅದರಲ್ಲಿ ಏನೂ ಬೆಳೆಯದಿದ್ದರೆ ಪ್ರಮಾಣಪತ್ರ ಸಿಗುತ್ತದೆ. ಅದರ ಅವಧಿ ಆರು ತಿಂಗಳು. ಗಲ್ಫ್‌ಗೆ ಅನರ್ಹವೆನಿಸಿದ ಅದೇ ಶ್ವಾಸಕೋಶಕ್ಕೆ ಈ ಲೇಖಕಿ ಪ್ರಮಾಣಪತ್ರ ಪಡೆದದ್ದು ಹೀಗೆ. ಹಳೆಯ ಎಕ್ಸ್‌ರೇಗಳು, ಚಿಕಿತ್ಸೆಯ ಕಾರ್ಡು, ಮುಗಿಸಿದ ದಿನಾಂಕವಿರುವ ಪತ್ರ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ: ಕಲೆ ಬದಲಾಗದೆ ಹಾಗೇ ಇದೆ ಎಂದು ತೋರಿಸಲು ಹೋಲಿಕೆಗೆ ಹಳೆಯ ಚಿತ್ರವೇ ಬೇಕು. ಗರ್ಭಿಣಿಯರಿಗೆ ಎಕ್ಸ್‌ರೇ ಬದಲು ಕಫ ಪರೀಕ್ಷೆಯ ಆಯ್ಕೆಯಿದೆ.

ಆಸ್ಟ್ರೇಲಿಯಾದಲ್ಲಿಯೂ ತಡೆ ಇರುವುದು ಸಕ್ರಿಯ ಕ್ಷಯಕ್ಕೆ. ಹಳೆಯ ಕಲೆ ಇದ್ದವರಿಂದ, ಇಳಿದ ಮೇಲೆ ಅಲ್ಲಿನ ಆರೋಗ್ಯ ಸೇವೆಗೆ ವರದಿ ಮಾಡಿಕೊಳ್ಳುವ ಮುಚ್ಚಳಿಕೆ ಬರೆಸಿಕೊಳ್ಳುವುದುಂಟು. ನರ್ಸ್ ಆಗಿ ದುಡಿಯಲು ಬರುವವರು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗೂ ಒಳಗಾಗಬೇಕು. ದೀರ್ಘಕಾಲದ ಕಾಯಿಲೆಗಳಲ್ಲಿ ಅವರು ಲೆಕ್ಕ ಹಾಕುವುದು ಖರ್ಚನ್ನು: ಸರ್ಕಾರಕ್ಕೆ ಬೀಳುವ ಚಿಕಿತ್ಸಾ ವೆಚ್ಚದ ಅಂದಾಜು ಮಿತಿ ದಾಟಿದರೆ ತೊಡಕು. 2024ರ ಜುಲೈನಲ್ಲಿ ಆ ಮಿತಿಯನ್ನು 86,000 ಆಸ್ಟ್ರೇಲಿಯನ್ ಡಾಲರಿಗೆ ಏರಿಸಲಾಯಿತು. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ, 1970ರ ನಂತರ ಹುಟ್ಟಿದ ಆಸ್ಪತ್ರೆ ಸಿಬ್ಬಂದಿ ದಡಾರದ ಲಸಿಕೆ ಅಥವಾ ರೋಗನಿರೋಧಕ ಶಕ್ತಿಯ ಪುರಾವೆ ಕೊಡಬೇಕು.

ಕ್ಷಯದಂತೆಯೇ ದಾರಿ ಮುಚ್ಚುವ ಇನ್ನೊಂದು ಕಾಯಿಲೆ ಹೆಪಟೈಟಿಸ್ ಬಿ. ಇಲ್ಲಿ ಎರಡು ಪರೀಕ್ಷೆಗಳನ್ನು ಬೇರ್ಪಡಿಸಿ ನೋಡಬೇಕು. ‘ಎಚ್‌ಬಿಎಸ್‌ಎಜಿ’ ಪಾಸಿಟಿವ್ ಎಂದರೆ ವೈರಸ್ಸಿನ ಹೊರಕವಚ ರಕ್ತದಲ್ಲಿದೆ. ‘ಆ್ಯಂಟಿ ಎಚ್‌ಬಿಎಸ್’ ಎಂಬ ಪ್ರತಿಕಾಯದ ಪ್ರಮಾಣ 10 mIU/ml ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ. ಲಸಿಕೆಯಲ್ಲಿರುವುದೂ ಆ ಹೊರಕವಚವೇ ಆದ್ದರಿಂದ, ಚುಚ್ಚಿಸಿಕೊಂಡ ಮೇಲೆ ಸುಮಾರು 18 ದಿನದವರೆಗೆ ಸುಳ್ಳು ಪಾಸಿಟಿವ್ ಬರುವುದುಂಟು. ಬೂಸ್ಟರ್ ಹಾಕಿಸಿಕೊಂಡು ಅಷ್ಟು ದಿನ ಕಳೆಯುವ ಮೊದಲೇ ಗಾಮ್ಕಾಗೆ ಹೋಗಬಾರದು. ಲಸಿಕೆಯ ಮೂರು ಡೋಸ್‌ಗಳಿಗೆ ಆರು ತಿಂಗಳು ಬೇಕು.

ಅನುಕ್ರಮವೇ ಇಲ್ಲಿ ಮುಖ್ಯ. ಅರ್ಜಿ ಹಾಕುವ ಮೊದಲೇ ಸ್ವಂತ ಖರ್ಚಿನಲ್ಲಿ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ, ವರದಿ ನೋಡಿ ದೇಶದ ಆಯ್ಕೆ, ‘ಫಿಟ್’ ಎಂದಾದ ಮೇಲೆ ಏಜೆಂಟರಿಗೆ ಹಣ, ವೀಸಾ ಕೈಗೆ ಬಂದ ಮೇಲೆ ರಾಜೀನಾಮೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಗಲ್ಫ್ ಸೇರಿದ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ಎಮಿಗ್ರೇಷನ್ ಕ್ಲಿಯರೆನ್ಸ್ ಕಡ್ಡಾಯ.

ವಿಮಾನ ಇಳಿದ ಮೇಲೂ ತಪಾಸಣೆ ಇದೆ. ಗಲ್ಫ್‌ನಲ್ಲಿ ವಾಸದ ಪರವಾನಗಿಗೆ ಮುಂಚೆ ಎರಡನೇ ಮೆಡಿಕಲ್ ನಡೆಯುತ್ತದೆ. ಅದರಲ್ಲಿ ಅನ್‌ಫಿಟ್ ಆದವರನ್ನು ವಾಪಸ್ ಕಳಿಸುತ್ತಾರೆ. ಬ್ರಿಟನ್ನಿನಲ್ಲಿ ಆಸ್ಪತ್ರೆಯ ಔದ್ಯೋಗಿಕ ಆರೋಗ್ಯ ವಿಭಾಗ ಲಸಿಕೆ, ರಕ್ತದ ವರದಿ ಕೇಳುತ್ತದೆ. ಅಲ್ಲಿ ಹೆಪಟೈಟಿಸ್ ಬಿ ಇದ್ದವರು ವಾರ್ಡಿನಲ್ಲಿ ಕೆಲಸ ಮಾಡಬಹುದು. ಶಸ್ತ್ರಚಿಕಿತ್ಸೆಯಂಥ, ರಕ್ತದ ಸೋಂಕು ರೋಗಿಗೆ ದಾಟಬಹುದಾದ ಕೆಲಸಕ್ಕೆ ಮಾತ್ರ ವೈರಸ್ ಪ್ರಮಾಣದ ಮಿತಿ ಮತ್ತು ನಿಯಮಿತ ತಪಾಸಣೆ ಅನ್ವಯಿಸುತ್ತವೆ.