ದೀಪಕ್ಕೆ ಮಿಡಿಯುವ ಮಿದುಳು

ಮದ್ಯವನ್ನು ಬಿಟ್ಟು ಕೆಲವು ತಿಂಗಳಾದವನೊಬ್ಬನು ಸಂಜೆಯಲ್ಲಿ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಡೆದಿರುವನೆಂದು ಭಾವಿಸೋಣ. ಹಿಂದೆ ತಾನು ಕುಳಿತೇಳುತ್ತಿದ್ದ ಬಾರಿನ ಫಲಕ ಕಣ್ಣಿಗೆ ಬೀಳುತ್ತಲೇ ಬಾಯಲ್ಲಿ ನೀರೂರುವುದು, ಕಾಲು ತಡೆಯುವುದು. ಹನಿ ಮದ್ಯವೂ ಒಳಹೋಗದೆ ಈ ಸೆಳೆತವೇಕೆ?

ನಡುಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸೂಸುವ ನರಕೋಶಗಳಿವೆ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿಗಳು ಕೋತಿಗಳಲ್ಲಿ ಇವುಗಳ ಮಿಡಿತವನ್ನು ಅಳೆದರು. ಮೊದಲಿಗೆ ಹಣ್ಣಿನ ರಸ ನಾಲಗೆಗೆ ಬಿದ್ದಾಗ ಮಿಡಿತ ಏರಿತು. ರಸಕ್ಕೆ ಮುನ್ನ ದೀಪ ಹೊತ್ತುವುದು ರೂಢಿಯಾದ ಮೇಲೆ ದೀಪಕ್ಕೇ ಏರಿತು, ರಸಕ್ಕೆ ಏರಲಿಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ, ಬರಬೇಕಾಗಿದ್ದ ಆ ಕ್ಷಣದಲ್ಲಿ ಮಿಡಿತವು ಸಹಜಮಟ್ಟಕ್ಕಿಂತಲೂ ಕುಸಿಯಿತು! ನಾವು ಪ್ರಯೋಗಶಾಲೆಯಲ್ಲಿ ಬಳಸುವ ವೀಟ್‌ಸ್ಟೋನ್ ಸೇತುವೆಯಲ್ಲಿ ಎರಡು ಕಡೆಯೂ ಸಮವಾದರೆ ಗ್ಯಾಲ್ವನೊಮೀಟರಿನ ಮುಳ್ಳು ಅಲುಗದಷ್ಟೆ. ಈ ಕೋಶಗಳೂ ತೋರಿಸುವುದು ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ಅಂತರವನ್ನೇ.

ಮದ್ಯವಾದರೋ ಡೋಪಮಿನ್ನನ್ನು ತಾನೇ ಹೆಚ್ಚಿಸುವುದರಿಂದ ಪಾಠ ಗಟ್ಟಿಯಾಗಿ ಕೂರುವುದು. ಬಾರಿನ ಫಲಕವೇ ದೀಪವಾಗುವುದು. ಆತನಿಗೆ ಮನೋಬಲವಿಲ್ಲವೆಂದು ಹಳಿಯುವವರು (ನಮ್ಮಲ್ಲಿ ಇವರಿಗೆ ಬರವಿಲ್ಲ) ಇದನ್ನು ಗಮನಿಸುವುದಿಲ್ಲ. ಫಲಕವನ್ನು ಕಂಡೂ ಕುಡಿಯದೆ ಮುಂದೆ ಹೋದಷ್ಟೂ ಸೆಳೆತ ಸಡಿಲುವುದುಂಟು. ಆದರೆ ಹಳೆಯ ಪಾಠ ಅಳಿಯದು, ಅದರ ಮೇಲೆ ಹೊಸತೊಂದು ಕೂರುವುದಷ್ಟೆ. ಮೊದಲ ತಿಂಗಳುಗಳಲ್ಲಿ ಆತನು ನಿಲ್ದಾಣಕ್ಕೆ ಬೇರೊಂದು ಬೀದಿಯನ್ನು ಹಿಡಿದು ಸುತ್ತಿ ಹೋದರೆ, ಆ ಸುತ್ತಿಗೆ ಇದೇ ಕಾರಣ.