ಬಿಟ್ಟ ಕಂಪನಿಯಿಂದ ಮತ್ತೆ ಸಂಬಳ ಬಂದರೆ?

ರಾಜೀನಾಮೆ ಕೊಟ್ಟು, ಐಡಿ ಕಾರ್ಡು–ಲ್ಯಾಪ್‌ಟಾಪು ಒಪ್ಪಿಸಿ, ಹೊಸ ಕೆಲಸಕ್ಕೂ ಸೇರಿ ಆಗಿದೆ. ತಿಂಗಳ ಕೊನೆಗೆ ನೋಡಿದರೆ ಹಳೆಯ ಕಂಪನಿಯಿಂದಲೂ ಪೂರ್ತಿ ಸಂಬಳ ಜಮಾ! ಹೀಗಾಗುವುದಕ್ಕೆ ಕಾರಣ ಸರಳ. ಬಹಳಷ್ಟು ಕಚೇರಿಗಳಲ್ಲಿ ಸಂಬಳದ ಪಟ್ಟಿ ತಿಂಗಳು ಮುಗಿಯುವ ಮೊದಲೇ ಅಂತಿಮವಾಗಿರುತ್ತದೆ. ಪೇರೋಲ್ ಕೆಲಸವನ್ನು ಹೊರಗಿನ ಏಜೆನ್ಸಿಗೆ ವಹಿಸಿದ್ದರಂತೂ ನೀವು ಬಿಟ್ಟ ಸುದ್ದಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಹಣ ಹೊರಟುಹೋಗಿರುತ್ತದೆ.

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ಖರ್ಚು ಮಾಡಿದರೆ ತೊಂದರೆ ತಪ್ಪಿದ್ದಲ್ಲ. ಹಾಗೆಂದು ಗಾಬರಿಬಿದ್ದು ಅವತ್ತೇ ವಾಪಸ್ ಹಾಕುವುದೂ ಜಾಣತನವಲ್ಲ. ತಿಳಿಸುವುದನ್ನು ತಡಮಾಡಬೇಡಿ; ಕೊಡುವುದು ಮಾತ್ರ ಲೆಕ್ಕ ಕೈಗೆ ಬಂದ ಮೇಲೆ.

ಬಂದದ್ದು ಏನು?

ಮೊದಲು ಬ್ಯಾಂಕಿನ ಆ್ಯಪ್‌ನಲ್ಲೋ ಪಾಸ್‌ಬುಕ್‌ನಲ್ಲೋ ಹಣ ನಿಜಕ್ಕೂ ಬಂದಿದೆಯೇ ನೋಡಿ. ಎಸ್‌ಎಂಎಸ್ ಒಂದನ್ನೇ ನಂಬಬೇಡಿ. ನಕಲಿ ಸಂದೇಶ ಕಳಿಸಿ, ‘ತಪ್ಪಾಗಿ ಹಾಕಿಬಿಟ್ಟೆವು, ಈ ನಂಬರಿಗೆ ವಾಪಸ್ ಕಳಿಸಿ’ ಎಂದು ಫೋನ್ ಮಾಡುವ ವಂಚಕರಿದ್ದಾರೆ. ಅಂಥವರ ಬಲೆಗೆ ಬಿದ್ದು ಹಣ ಕಳಿಸಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಣ ನಿಜವಾಗಿಯೂ ಬಂದಿದ್ದರೆ, ಅದು ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಇರಬಹುದೇ? ಬಳಸದ ರಜೆಯ ಹಣ, ಗ್ರಾಚ್ಯುಟಿ, ಬಾಕಿ ಇನ್ಸೆಂಟಿವ್, ಪ್ರಯಾಣದ ಬಿಲ್ಲು ಎಲ್ಲವೂ ಅದರಲ್ಲಿ ಸೇರಿರುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಹಾಗಾಗಿ ಪೇಸ್ಲಿಪ್ ನೋಡದೆ ‘ಇದು ಹೆಚ್ಚುವರಿ’ ಎಂದು ನೀವೇ ತೀರ್ಮಾನಿಸಬೇಡಿ.

ಬರೆದು ತಿಳಿಸಿ

ಹಳೆಯ ಮ್ಯಾನೇಜರ್‌ಗೆ ವಾಟ್ಸ್‌ಆ್ಯಪ್ ಮಾಡಿದರೆ ಸಾಲದು. ಎಚ್‌ಆರ್ ಮತ್ತು ಹಣಕಾಸು ವಿಭಾಗ ಎರಡಕ್ಕೂ ಇಮೇಲ್ ಹೋಗಲಿ. ಕಂಪನಿಯ ಮೇಲ್ ಬಂದ್ ಆಗಿರುತ್ತದೆ. ನಿಮ್ಮ ಸ್ವಂತ ವಿಳಾಸದಿಂದಲೇ ಕಳಿಸಿ. ಇಷ್ಟು ಬರೆದರೆ ಸಾಕು: ‘ನನ್ನ ಕೊನೆಯ ಕೆಲಸದ ದಿನ ಇಂಥದ್ದು. ಆದರೂ ಇಂಥ ದಿನ ಇಷ್ಟು ಹಣ ಜಮಾ ಆಗಿದೆ. ಇದು ಯಾವ ಬಾಬ್ತು ಎಂದು ತಿಳಿಸಿ, ಪೇಸ್ಲಿಪ್ ಕಳಿಸಿ. ಹೆಚ್ಚುವರಿ ಎಂದಾದರೆ ಹಿಂತಿರುಗಿಸಲು ಸಿದ್ಧನಿದ್ದೇನೆ.’

ಈ ನಾಲ್ಕು ಸಾಲಿಗೆ ದೊಡ್ಡ ಬೆಲೆಯಿದೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮಿನ ಪ್ರಕಾರ ತಪ್ಪಿನಿಂದ ಬಂದ ಹಣವನ್ನು ಮರಳಿಸಲೇಬೇಕು. ತಪ್ಪು ಯಾರದು ಎಂಬ ವಾದ ಅಲ್ಲಿ ನಡೆಯುವುದಿಲ್ಲ. ತನ್ನದಲ್ಲ ಎಂದು ಗೊತ್ತಾದ ಮೇಲೂ ಅಪ್ರಾಮಾಣಿಕವಾಗಿ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅದು ಅಪರಾಧವೂ ಆಗಬಹುದು. ನೀವಾಗಿಯೇ ಬರೆದ ಇಮೇಲ್ ಇದ್ದರೆ ಆ ಆರೋಪಕ್ಕೆ ಬಲವಿರುವುದಿಲ್ಲ.

ಉತ್ತರ ಬರುವವರೆಗೆ ಹಣ ಮುಟ್ಟಬೇಡಿ. ಇಎಂಐ ಕಡಿತವಾಗುವ ಖಾತೆಯಲ್ಲಿ ಇದ್ದರೆ ನಿಮಗೇ ಗೊತ್ತಿಲ್ಲದೆ ಕರಗುತ್ತದೆ. ಬೇರೆ ಉಳಿತಾಯ ಖಾತೆಗೆ ಸರಿಸಿ.

ಎಷ್ಟು ಕೊಡಬೇಕು?

ಎಡವುವುದು ಇಲ್ಲೇ. ತಿಂಗಳ ಒಟ್ಟು ಸಂಬಳ ₹1,20,000 ಎಂದುಕೊಳ್ಳಿ. ಟಿಡಿಎಸ್ ₹7,345, ಪಿಎಫ್ ₹1,800, ವೃತ್ತಿ ತೆರಿಗೆ ₹200 ಕಳೆದು ನಿಮ್ಮ ಕೈಗೆ ಬಂದದ್ದು ₹1,10,655. ಕಂಪನಿಯ ಪತ್ರದಲ್ಲಿ ಮಾತ್ರ ‘₹1,20,000 ಮರಳಿಸಿ’ ಎಂದಿರುತ್ತದೆ! ಉಳಿದ ₹9,345 ನೀವು ಕಂಡೇ ಇಲ್ಲವಲ್ಲ. ಅದೇ ಹಣಕಾಸು ವರ್ಷದೊಳಗೆ ವ್ಯವಹಾರ ಮುಗಿದರೆ ಕಂಪನಿ ತನ್ನ ತ್ರೈಮಾಸಿಕ ಟಿಡಿಎಸ್ ವಿವರವನ್ನು ತಿದ್ದಿ ಸರಿಹೊಂದಿಸಬಹುದು. ಆದ್ದರಿಂದ ಕೈಗೆ ಬಂದಷ್ಟನ್ನೇ ಮರಳಿಸುತ್ತೇನೆ, ಕಡಿತಗಳನ್ನು ನೀವೇ ಸರಿಪಡಿಸಿಕೊಳ್ಳಿ ಎಂದು ಬರೆದು ಕೇಳಿ. ಸಂಕೋಚ ಬೇಡ.

ಮಾರ್ಚ್‌ನಲ್ಲಿ ಬಂದ ಹಣವನ್ನು ಮೇನಲ್ಲಿ ಕೊಟ್ಟರೆ ಗಂಟು ಬಿಗಿಯುತ್ತದೆ. ವರ್ಷ ದಾಟಿದ್ದರಿಂದ ಆ ಸಂಬಳ ಹಿಂದಿನ ವರ್ಷದ ಆದಾಯವಾಗಿ ದಾಖಲಾಗಿಬಿಟ್ಟಿರುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೀಗಾದರೆ ಮಾರ್ಚ್ 31ರೊಳಗೇ ಮುಗಿಸಲು ಬೆನ್ನು ಹತ್ತಿ. ಆಗದಿದ್ದರೆ ರಿಟರ್ನ್ ಸಲ್ಲಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕಾಣಿ.

ಕೊಡುವ ಬಗೆ

ಖಾತೆ ವಿವರ ಕಂಪನಿಯ ಲೆಟರ್‌ಹೆಡ್‌ನಲ್ಲೇ ಬರಲಿ. ಖಾತೆ ಕಂಪನಿಯ ಹೆಸರಿನಲ್ಲೇ ಇರಲಿ. ಎಚ್‌ಆರ್ ಸಿಬ್ಬಂದಿಯ ಸ್ವಂತ ಯುಪಿಐಗೆ, ಎಷ್ಟೇ ಪರಿಚಯವಿದ್ದರೂ, ಹಾಕಬೇಡಿ; ನಗದಂತೂ ಬೇಡವೇ ಬೇಡ. ನೆಫ್ಟ್ ಮಾಡುವಾಗ ಷರಾದಲ್ಲಿ ‘ಹೆಚ್ಚುವರಿ ಸಂಬಳ ವಾಪಸ್’ ಎಂಬುದನ್ನೂ ಉದ್ಯೋಗಿ ಸಂಖ್ಯೆಯನ್ನೂ ನಮೂದಿಸಿ, ಬ್ಯಾಂಕ್ ಕೊಡುವ ವ್ಯವಹಾರ ಸಂಖ್ಯೆ (ಯುಟಿಆರ್ ನಂಬರ್) ಇಟ್ಟುಕೊಳ್ಳಿ. ‘ಹಣ ತಲುಪಿದೆ, ಇನ್ನು ಬಾಕಿ ಇಲ್ಲ’ ಎಂಬ ಪತ್ರ ಕೇಳಿ ಪಡೆಯಿರಿ.

ಗೊತ್ತಾಗದೆ ಖರ್ಚಾಗಿಹೋಗಿದ್ದರೆ ಅದನ್ನೇ ನೇರವಾಗಿ ಬರೆದು ಕಂತು ಕೇಳಿ: ತಿಂಗಳಿಗಿಷ್ಟು, ಇಂಥ ತಾರೀಖು. ಹೊಸ ಕೆಲಸದ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಇದೇ ಹಳೆಯ ಕಂಪನಿಗೆ ಹೋಗುತ್ತದೆ ಎಂಬುದು ನೆನಪಿರಲಿ. ಅದಕ್ಕೆ ಹೆದರಿ ನಿಮ್ಮ ಶಕ್ತಿ ಮೀರಿದ ಕಂತಿಗೆ ಮಾತ್ರ ಒಪ್ಪಿಕೊಳ್ಳಬೇಡಿ.

‘ಹೆಚ್ಚುವರಿ ಕೊಟ್ಟದ್ದನ್ನು ವಸೂಲಿ ಮಾಡುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ’ ಎನ್ನುವವರು ಎಲ್ಲ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಅವರು ಹೇಳುವುದು 2014ರ ರಫೀಕ್ ಮಸೀಹ್ ಪ್ರಕರಣದ ತೀರ್ಪು. ಅದು ಬಂದದ್ದು ಪಂಜಾಬ್ ಸರ್ಕಾರಿ ನೌಕರರ ವಿಷಯದಲ್ಲಿ. ಸಿ ಮತ್ತು ಡಿ ದರ್ಜೆಯವರಿಂದ, ನಿವೃತ್ತರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುವರಿ ಪಾವತಿಯಾಗಿದ್ದರೆ ಅಂಥವರಿಂದ ವಸೂಲಿ ಕೂಡದು ಎಂಬ ಬಗೆಯ ಸಂದರ್ಭಗಳನ್ನು ಅದು ಪಟ್ಟಿಮಾಡಿದೆ. ನಿವೃತ್ತ ಸರ್ಕಾರಿ ನೌಕರರಿಗೆ ವಸೂಲಿ ನೋಟಿಸ್ ಬಂದರೆ ಹಣ ಕಟ್ಟುವ ಮೊದಲು ವಕೀಲರಿಗೆ ಈ ತೀರ್ಪನ್ನು ನೆನಪಿಸಬಹುದು. ಖಾಸಗಿ ಕಂಪನಿ ಬಿಟ್ಟ ಮೇಲೆ ಒಂದು ತಿಂಗಳ ಸಂಬಳ ಹೆಚ್ಚಾಗಿ ಬಂದವರು ಇದನ್ನು ನೆಚ್ಚಿಕೊಂಡು ಕೂರಬಾರದು.

ಕೊಟ್ಟ ಮೇಲೂ ಕೆಲಸವಿದೆ

ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ನೀವು ಇಲ್ಲದ ತಿಂಗಳಿಗೂ ಹಳೆಯ ಕಂಪನಿ ವಂತಿಗೆ ಕಟ್ಟಿದ್ದರೆ ಒಂದೇ ಅವಧಿಗೆ ಎರಡು ಕಡೆ ಸೇವೆ ಎಂದು ದಾಖಲಾಗಿ, ಮುಂದೆ ಹಣ ವರ್ಗಾಯಿಸುವಾಗ ತಕರಾರು ಬರಬಹುದು. ಕೆಲಸ ಬಿಟ್ಟ ದಿನಾಂಕ ಸರಿಯಾಗಿ ನಮೂದಾಗಿದೆಯೇ ಎಂದೂ ಪರೀಕ್ಷಿಸಿ. ಆದಾಯ ತೆರಿಗೆ ಪೋರ್ಟಲ್‌ನ ವಾರ್ಷಿಕ ಮಾಹಿತಿ ವಿವರದಲ್ಲಿ (ಎಐಎಸ್) ಆ ಸಂಬಳ ಇನ್ನೂ ಕಾಣಿಸುತ್ತಿದ್ದರೆ, ಮಾಹಿತಿ ಸರಿಯಿಲ್ಲ ಎಂದು ಅಲ್ಲಿಯೇ ಪ್ರತಿಕ್ರಿಯೆ ದಾಖಲಿಸುವ ಅವಕಾಶವಿದೆ. ಜೊತೆಗೆ ಟಿಡಿಎಸ್ ವಿವರ ತಿದ್ದಿಕೊಡುವಂತೆ ಕಂಪನಿಗೆ ಇನ್ನೊಂದು ಇಮೇಲ್ ಹಾಕಿ, ಯುಟಿಆರ್ ನಂಬರ್ ಸಮೇತ.