ಸೈಗಾನ್ ನೋಡಿ ಬಂದೆವು

ವಿಯೆಟ್ನಾಂ ನಮ್ಮ ದೇಶದ ಪೂರ್ವ ದಿಕ್ಕಿಗಿದೆ. ಅದರ ದಕ್ಷಿಣ ಭಾಗದಲ್ಲಿ ಸೈಗಾನ್ ಅನ್ನೋ ದೊಡ್ಡ ಊರಿದೆ. 1976ರಲ್ಲಿ ಅದಕ್ಕೆ ಹೋ ಚಿ ಮಿನ್ ನಗರ ಅಂತ ಹೆಸರಿಟ್ಟರು. ಹೋ ಚಿ ಮಿನ್ ಆ ದೇಶದ ಸ್ವಾತಂತ್ರ್ಯಕ್ಕೆ ಹೋರಾಡಿದ ನಾಯಕರು. ಊರ ಜನ ಮಾತ್ರ ಈಗಲೂ ಸೈಗಾನ್ ಅಂತಲೇ ಕರೀತಾರೆ.

ನಾವು ನಾಲ್ಕು ಜನ ಬೆನ್ನಿಗೊಂದು ಚೀಲ ಹಾಕಿಕೊಂಡು ಅಲ್ಲಿಗೆ ಹೋದೆವು. ಹೀಗೆ ಕಡಿಮೆ ಖರ್ಚಿನಲ್ಲಿ ಊರು ನೋಡಲು ಬರುವವರು ಅಲ್ಲಿ ಬಹಳ. ಅವರಿಗಾಗಿ ಸಣ್ಣ ಸಣ್ಣ ವಸತಿಗೃಹಗಳಿವೆ. ಒಂದೇ ಕೋಣೆಯಲ್ಲಿ ಆರೆಂಟು ಮಂಚ ಇರ್ತವೆ.

ಮೊದಲ ದಿನ ರಸ್ತೆ ದಾಟೋದೇ ದೊಡ್ಡ ಕೆಲಸವಾಯಿತು. ಎಲ್ಲಿ ನೋಡಿದರೂ ಮೋಟಾರ್ ಬೈಕು! ಹೊಳೆ ಹರಿದ ಹಾಗೆ ಬರ್ತಾನೇ ಇರ್ತವೆ. ಒಬ್ಬ ಅಜ್ಜಿ ಬುಟ್ಟಿ ಹೊತ್ತುಕೊಂಡು ಅದರ ನಡುವೆಯೇ ನಡೆದು ಹೋದರು. ಅವರನ್ನು ನೋಡಿ ನಾವು ಕಲಿತೆವು. ಓಡಬಾರದು, ಹಿಂದೆ ಸರಿಯಬಾರದು. ಒಂದೇ ಸಮನೆ ನಿಧಾನವಾಗಿ ನಡೀಬೇಕು. ಬೈಕಿನವರು ಅಂದಾಜು ಮಾಡಿ ಪಕ್ಕಕ್ಕೆ ಹೋಗ್ತಾರೆ. ಬಸ್ಸು ಬಂದರೆ ಮಾತ್ರ ನಿಂತುಬಿಡಬೇಕು. ನಮ್ಮೂರಲ್ಲಿ ಹೀಗೆ ದಾಟೀರಿ, ಜೋಕೆ!

ಅಲ್ಲಿಯ ಹಣದ ಹೆಸರು ಡಾಂಗ್. 20,000 ಡಾಂಗಿನ ನೋಟು ನೀಲಿ. 5,00,000 ಡಾಂಗಿನ ನೋಟೂ ನೀಲಿ. ಒಂದರಲ್ಲಿ ನಾಲ್ಕು ಸೊನ್ನೆ, ಇನ್ನೊಂದರಲ್ಲಿ ಐದು. ಬೆಲೆ ಮಾತ್ರ 25 ಪಟ್ಟು ಹೆಚ್ಚು. ಬಣ್ಣ ನೋಡಿ ಕೊಟ್ಟರೆ ಕೆಟ್ಟೆವು. ಸೊನ್ನೆ ಎಣಿಸಿಯೇ ಕೊಡಬೇಕು.

ಮರುದಿನ ಬಸ್ಸು ಹತ್ತಿ ಕು ಚಿ ಎಂಬಲ್ಲಿಗೆ ಹೋದೆವು. ಅಲ್ಲಿ ನೆಲದ ಕೆಳಗೆ ಸುರಂಗಗಳಿವೆ. ಒಟ್ಟು ಉದ್ದ ಸುಮಾರು 250 ಕಿಲೋಮೀಟರ್ ಇತ್ತಂತೆ. ಫ್ರೆಂಚರ ವಿರುದ್ಧದ ಹೋರಾಟದಲ್ಲಿ ಅಗೆಯಲು ಶುರು ಮಾಡಿದರು. ಆಮೇಲೆ ಅಮೆರಿಕದ ಜೊತೆ ಯುದ್ಧವಾಯಿತು. ಮೇಲೆ ಬಾಂಬು ಬೀಳುವಾಗ ಜನ ಈ ಸುರಂಗಗಳಲ್ಲೇ ಬದುಕಿದರು. ಅಡಿಗೆಮನೆ, ಆಸ್ಪತ್ರೆ ಎಲ್ಲಾ ಒಳಗೇ. ಗಾಳಿ ಬರುವ ತೂತುಗಳ ಮೇಲೆ ಹುತ್ತದ ಹಾಗೆ ಮಣ್ಣು ಮೆತ್ತಿದ್ದರು. ಒಲೆಯ ಹೊಗೆಯನ್ನು ದೂರಕ್ಕೆ ಸಾಗಿಸಿ, ತೆಳ್ಳಗೆ ಮಾಡಿ ಹೊರಗೆ ಬಿಡುತ್ತಿದ್ದರು. ಬೆಳಗಿನ ಜಾವದ ಮಂಜಿನಲ್ಲಿ ಅದು ಕಾಣುತ್ತಿರಲಿಲ್ಲ.

ಬಂದವರಿಗಾಗಿ ಸುರಂಗವನ್ನು ಈಗ ಸ್ವಲ್ಪ ಅಗಲ ಮಾಡಿದ್ದಾರೆ. ಆದರೂ ನಾವು ಬಗ್ಗಿ, ತೆವಳಿಯೇ ಹೋದೆವು. ಐದೇ ನಿಮಿಷಕ್ಕೆ ಉಸಿರು ಕಟ್ಟಿತು. ಹೊರಗೆ ಬಂದಾಗ ಬೇಯಿಸಿದ ಮರಗೆಣಸು ಕೊಟ್ಟರು. ಸುರಂಗದ ಜನರಿಗೆ ಅದೇ ಊಟವಾಗಿತ್ತು. ಯುದ್ಧ ಮುಗಿದದ್ದು 1975ರ ಏಪ್ರಿಲ್ 30ರಂದು.

ಮೂರನೆಯ ದಿನ ಮೆಕಾಂಗ್ ನದಿಯ ಕಡೆ ಹೊರಟೆವು. ಎಲ್ಲಾ ಕಡೆ ನೀರು, ತೆಂಗು, ಭತ್ತದ ಗದ್ದೆ. ಅಲ್ಲಿನ ಭಾಷೆಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೀತಾರೆ. ಆದರೆ ಅಕ್ಷರದ ಮೇಲೆ, ಕೆಳಗೆ ಗೆರೆ, ಚುಕ್ಕಿ ಇರ್ತವೆ. ನಾವು ಬೋರ್ಡು ಓದಿದರೆ ಯಾರಿಗೂ ಅರ್ಥವಾಗ್ತಿರಲಿಲ್ಲ. ದೋಣಿ ನಡೆಸುವ ಅಕ್ಕ ನಮ್ಮ ಪುಸ್ತಕ ತಗೊಂಡು ‘ಮಾ’ ಅಂತ ಬರೆದು ತೋರಿಸಿದರು. ಗುರುತೇ ಇಲ್ಲದಿದ್ದರೆ ದೆವ್ವ. ಮೇಲೊಂದು ಓರೆ ಗೆರೆ ಎಳೆದರೆ ಅಮ್ಮ. ಕೆಳಗೆ ಚುಕ್ಕಿ ಇಟ್ಟರೆ ಭತ್ತದ ಸಸಿ. ಕೈ ಮಾಡಿ ಗದ್ದೆಯನ್ನೇ ತೋರಿಸಿದರು. ನಮ್ಮ ಕಾಗುಣಿತ ನೆನಪಾಯಿತು. ಕಲಿ ಬೇರೆ, ಕಾಲಿ ಬೇರೆ, ಕೋಲಿ ಬೇರೆ ಅಲ್ಲವೇ?

1945ರಲ್ಲಿ ಆ ದೇಶದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನಕ್ಕೆ ಓದು ಬರ್ತಿರಲಿಲ್ಲ. ಆ ವರ್ಷ ಸೆಪ್ಟೆಂಬರಿನಲ್ಲಿ ಹೋ ಚಿ ಮಿನ್ ಅವರ ಸರ್ಕಾರ ಸಾಕ್ಷರತಾ ಚಳವಳಿ ಆರಂಭಿಸಿತು. ಕಾಗದ ಇರಲಿಲ್ಲ. ಬಾಳೆ ಎಲೆಯ ಮೇಲೆ, ನೆಲದ ಮೇಲೆ ಬರೆದರು. ಇದ್ದಿಲೇ ಬಳಪ. ಗಂಡ ಹೆಂಡತಿಗೆ, ಮಗ ತಾಯಿಗೆ ಕಲಿಸಿದರು. ಕೆಲವು ಸಂತೆಗಳ ಬಾಗಿಲಲ್ಲಿ ಅಕ್ಷರ ತೋರಿಸಿ ಓದಿ ಅನ್ನುತ್ತಿದ್ದರು. ಓದಲು ಬಾರದವರು ಬೇರೆ ದಾರಿಯಲ್ಲಿ ಹೋಗಬೇಕಿತ್ತು. ಅದಕ್ಕೆ ‘ಕುರುಡು ಬಾಗಿಲು’ ಅಂತ ಹೆಸರು. ಇದು ಮಾತ್ರ ನಮಗೆ ಸರಿ ಕಾಣಲಿಲ್ಲ. ದುಡಿದು ಬಂದವರನ್ನು ಸಂತೆಯಲ್ಲಿ ನಾಚಿಸಬೇಕೇ? ಆದರೂ ಜನ ಬಿಡದೆ ಕಲಿತರು. ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಜನಕ್ಕೆ ಓದು ಬರಹ ಬಂತು.